ಹಳೇ ಕಾಲೇಜಿನ ಮಾರ್ಕ್ಸ್ ಮುಚ್ಚಿಡಬೇಡಿ

ನೋಡಮ್ಮ, ನಿನ್ನ ಮೆಸೇಜ್ ಈಗ ನೋಡಿದೆ. ಮಗಳ ಜಿಪಿಎ, ಅಂದರೆ ಎಲ್ಲ ಗ್ರೇಡ್‌ಗಳ ಸರಾಸರಿ, 4ಕ್ಕೆ 2.7 ಬಂದಿದೆ, ಅಮೆರಿಕದಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಗತ್ತಾ, ಮೊದಲ ವರ್ಷ ಓದಿದ ಆ ಹಳೇ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಹಾಕದೇ ಬಿಟ್ಟರೆ ನಡೆಯತ್ತಾ ಅಂತ ಕೇಳಿದ್ದೀಯ. ನಡೆಯಲ್ಲ. ಅದೊಂದು ಮಾತ್ರ ಮಾಡಬೇಡಿ.

ನನ್ನ ತಮ್ಮನದು ನಿಮಗೆಲ್ಲ ಗೊತ್ತೇ ಇದೆ ಅಲ್ವಾ. ಅಪ್ಪ ಹುಷಾರಿಲ್ಲದೆ ಮಲಗಿದ್ದ ವರ್ಷ ಅವನು ಮೊದಲ ಕಾಲೇಜಲ್ಲಿ ಬರೀ ಡಿ, ಎಫ್ ತೆಗೆದಿದ್ದ. ಆಮೇಲೆ ಬೇರೆ ಕಾಲೇಜು ಸೇರಿ ಕಡೇ ಎರಡು ವರ್ಷ ಹೆಚ್ಚುಕಮ್ಮಿ ಎಲ್ಲದರಲ್ಲೂ ಎ. ಅರ್ಜಿ ತುಂಬಿಸಿಕೊಟ್ಟ ಒಬ್ಬ ಸಲಹೆಗಾರ, ಮೊದಲನೇ ಕಾಲೇಜಿನ ಹೆಸರು ಬಿಡು, ಯಾರು ನೋಡ್ತಾರೆ ಅಂದ. ಸೀಟೂ ಸಿಕ್ಕಿತು. ಆದರೆ ಎರಡನೇ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲೇ ಮೊದಲ ಕಾಲೇಜಿಂದ ವರ್ಗಾವಣೆಯಾದ ಕ್ರೆಡಿಟ್‌ಗಳ (ಓದಿದ ಕೋರ್ಸ್‌ಗಳ ಲೆಕ್ಕ) ಪಕ್ಕ ಆ ಹೆಸರು ಅಚ್ಚಾಗಿತ್ತು. ಸೇರುವ ಹೊತ್ತಿಗೆ ಪತ್ರ ಬಂತು, ಸೀಟು ರದ್ದು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಯಾಕೆ ಅಂದರೆ, ಅಷ್ಟು ಕೆಳಗೆ ಬಿದ್ದವನು ಹೀಗೆ ಎದ್ದು ಬಂದಿದ್ದಾನೆ ಅನ್ನುವುದೇ ಅವನ ಅರ್ಜಿಯ ಬಲ ಆಗಬೇಕಿತ್ತು, ಅದನ್ನೇ ಅಳಿಸಿಬಿಟ್ಟರು. ಈಗಂತೂ ಅಲ್ಲಿ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಅಂತಿದೆ, ಯಾರು ಎಲ್ಲಿ ದಾಖಲಾಗಿದ್ದರು ಅಂತ ಹೆಚ್ಚಿನ ಕಾಲೇಜುಗಳು ಅದಕ್ಕೆ ಮಾಹಿತಿ ಕೊಡುತ್ತವೆ. ಮತ್ತೆ ಹೇಳ್ತೀನಿ, ಯಾವ ಕಾಲೇಜನ್ನೂ ಮುಚ್ಚಿಡಬೇಡಿ.

ಆ ವರ್ಷ ನಮ್ಮ ಮನೆಗೆ ಯಾರು ಬಂದರು ಹೇಳಿ? ಮಾರ್ಕ್ಸ್ ಎಷ್ಟು, ಸೀಟು ಯಾಕೆ ಹೋಯಿತು ಅಂತ ಫೋನಲ್ಲಿ ವಿಚಾರಿಸಿದವರೇ ಎಲ್ಲರೂ. ಹುಡುಗ ಊಟ ಮಾಡಿದನಾ ಅಂತ ಒಬ್ಬರೂ ಕೇಳಲಿಲ್ಲ. ಮುಂದೆ ಕೆಲಸ ಸಿಕ್ಕಾಗ ಮಾತ್ರ ನಮಗೆ ಮೊದಲೇ ಗೊತ್ತಿತ್ತು ಅಂತ ಬಂದರು. ಈ ಗ್ರೂಪಲ್ಲಿ ಯಾರೂ ಆ ಮಗುವಿಗೆ ಸುಮ್ನೆ ಮಾರ್ಕ್ಸ್ ಕೇಳಬೇಡಿ, ಅಮ್ಮನೇ ಇಷ್ಟು ಹೆದರಿದ್ದಾಳೆ ಅಂದರೆ ಮಗಳ ಪಾಡು ಏನಿರಬೇಕು.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರ ಹೇಳಲೇ ಇಲ್ಲ. ಸಿಗತ್ತಮ್ಮ. ತುಂಬಾ ಕಡೆ 3.0 ಬೇಕು ಅಂತಾರೆ ನಿಜ, ಆದರೆ ಎಷ್ಟೋ ವಿಭಾಗಗಳು ಕಡೇ 60 ಕ್ರೆಡಿಟ್‌ನ, ಅಂದರೆ ಹೆಚ್ಚುಕಮ್ಮಿ ಕಡೇ ಎರಡು ವರ್ಷದ, ಸರಾಸರಿಯನ್ನೂ ನೋಡುತ್ತವೆ. ಮೊದಲು ಅದನ್ನು ಲೆಕ್ಕ ಹಾಕಲಿ. ಆಮೇಲೆ ವಿಭಾಗದಲ್ಲಿ ಮಾಸ್ಟರ್ಸ್ ಪ್ರವೇಶ ನೋಡಿಕೊಳ್ಳುವ ಗ್ರ್ಯಾಜುಯೇಟ್ ಕೋಆರ್ಡಿನೇಟರ್‌ಗೆ ಮೇಲ್ ಬರೆದು, 3.0ಗಿಂತ ಕಡಿಮೆ ಇದ್ದವರನ್ನು ಷರತ್ತಿನ ಮೇಲೆ ತಗೊಳ್ಳುತ್ತೀರಾ ಅಂತ ನೇರವಾಗಿ ಕೇಳಲಿ. ಸಮಯ ಇದ್ದರೆ ನಾನ್-ಡಿಗ್ರಿ ವಿದ್ಯಾರ್ಥಿಯಾಗಿ (ಪದವಿಗೆ ಸೇರದೆ ಬಿಡಿ ಕೋರ್ಸ್ ಮಾತ್ರ ಓದುವವರು) ಅದೇ ವಿಷಯದ ಒಂದೆರಡು ಕೋರ್ಸ್ ಮಾಡಿ ಎ ತೆಗೆಯಲಿ, ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಜಿಆರ್‌ಇ ಪ್ರವೇಶ ಪರೀಕ್ಷೆ ಕೇಳುವ ಕಡೆ ಒಳ್ಳೆ ಸ್ಕೋರ್ ಸ್ವಲ್ಪ ಸಹಾಯ ಮಾಡತ್ತೆ, ಈಗ ಅನೇಕ ಕಡೆ ಕೇಳುವುದೇ ಇಲ್ಲ. ಶಿಫಾರಸು ಪತ್ರಕ್ಕೆ ದೊಡ್ಡ ಹೆಸರಿನವರ ಹಿಂದೆ ಹೋಗಬೇಡಿ, ಅವಳ ಕೆಲಸ ಹತ್ತಿರದಿಂದ ನೋಡಿದ ಮೇಷ್ಟ್ರು ಬರೆಯಲಿ. ಅರ್ಜಿ ಜೊತೆ ಅವಳೇ ಬರೆಯುವ ಸ್ಟೇಟ್‌ಮೆಂಟಲ್ಲಿ ಆ ಕೆಟ್ಟ ವರ್ಷದ ಬಗ್ಗೆ ಎರಡು ಮೂರು ಸಾಲು ಸಾಕು: ಏನಾಯಿತು, ಆಮೇಲೆ ಏನು ಬದಲಾಯಿತು. ಉಳಿದದ್ದೆಲ್ಲ ಅವಳು ಏನು ಓದಬೇಕು ಅಂತಿದ್ದಾಳೆ ಅನ್ನುವುದರ ಬಗ್ಗೆ ಇರಲಿ. ಎರಡೂ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಇವತ್ತೇ ತರಿಸೋಕೆ ಹೇಳು, ಅರ್ಜಿಯ ಕಡೇ ದಿನಕ್ಕೆ ಇಟ್ಟುಕೊಂಡರೆ ಒದ್ದಾಡಬೇಕಾಗತ್ತೆ.