ಕ್ಯಾಥೆಟರ್ ಇರುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ: ಜ್ವರ ಇಲ್ಲದಿದ್ದರೂ ಆಂಟಿಬಯೋಟಿಕ್ ಬೇಕಾ?

ಆರೈಕೆ_ಕೈ:
78 ವರ್ಷದ ಹಿರಿಯರು, ಆರು ವಾರದಿಂದ ಅದೇ ಕ್ಯಾಥೆಟರ್ (ಮೂತ್ರ ಹೊರತರಲು ಮೂತ್ರಕೋಶಕ್ಕೆ ಹಾಕುವ ಟ್ಯೂಬ್). ಮೂತ್ರ ಮಬ್ಬಾಗಿದೆ, ವಾಸನೆಯಿದೆ ಅಂತ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲಾಗಿದೆ. ರಿಪೋರ್ಟ್: ಇ. ಕೋಲೈ ಬ್ಯಾಕ್ಟೀರಿಯಾ, ಪ್ರತಿ ಮಿ.ಲೀ.ಗೆ 1,00,000ಕ್ಕಿಂತ ಹೆಚ್ಚು. ಜ್ವರ, ಚಳಿ, ಸೊಂಟದ ಪಕ್ಕ ನೋವು ಯಾವುದೂ ಇಲ್ಲ. ಸ್ಯಾಂಪಲ್ ಮೂತ್ರ ಸೇರುವ ಬ್ಯಾಗ್‌ನ ನಲ್ಲಿಯಿಂದ ಹಿಡಿದದ್ದು. ಔಷಧಿ ಶುರು ಮಾಡಬೇಕಾ, ಇನ್ನೊಮ್ಮೆ ಕಲ್ಚರ್ ಕಳಿಸಬೇಕಾ?

ಲ್ಯಾಬ್_ಮೇಜು:
ಬ್ಯಾಗ್‌ನಿಂದ ಹಿಡಿದ ಮೂತ್ರದ ಎಣಿಕೆಯನ್ನು ನಂಬಬೇಡಿ. ಅದು ಗಂಟೆಗಟ್ಟಲೆ ಅಲ್ಲೇ ನಿಂತಿರುತ್ತದೆ. ಬೆಚ್ಚಗಿದ್ದರೆ ಇ. ಕೋಲೈ ಅರ್ಧ ಗಂಟೆಯ ಆಸುಪಾಸಿನಲ್ಲಿ ದುಪ್ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಸಾವಿರ ಇದ್ದದ್ದು ಮೂರೂವರೆ ಗಂಟೆಯಲ್ಲಿ ಲಕ್ಷ ದಾಟುತ್ತದೆ.

ಸರಿಯಾದ ಕ್ರಮ ಹೀಗೆ: ಸ್ಯಾಂಪಲಿಂಗ್ ಪೋರ್ಟ್‌ನ (ಸ್ಯಾಂಪಲ್ ಎಳೆಯಲು ಟ್ಯೂಬಿನಲ್ಲಿರುವ ಜಾಗ) ಕೆಳಗೆ ಟ್ಯೂಬನ್ನು 10–15 ನಿಮಿಷ ಕ್ಲಾಂಪ್ ಮಾಡಿ. ಪೋರ್ಟನ್ನು 70% ಆಲ್ಕೋಹಾಲ್‌ನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಸ್ಟೆರೈಲ್ ಸಿರಿಂಜ್‌ನಲ್ಲಿ 10 ಮಿ.ಲೀ. ಎಳೆದು ಸ್ಟೆರೈಲ್ ಡಬ್ಬಿಗೆ ಹಾಕಿ. ಕ್ಲಾಂಪ್ ಬಿಚ್ಚುವುದನ್ನು ಮಾತ್ರ ಮರೆಯಲೇಬೇಡಿ. ಮರೆತರೆ ಮೂತ್ರಕೋಶ ತುಂಬಿ ಬಿಗಿಯುತ್ತದೆ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಆಗದಿದ್ದರೆ 4 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್‌ನಲ್ಲಿ 24 ಗಂಟೆವರೆಗೆ ಇಡಬಹುದು. ಫ್ರೀಜರ್ ಬೇಡ.

ಇನ್ನೊಂದು ವಿಷಯ. ಎರಡು ವಾರಕ್ಕಿಂತ ಹಳೆಯ ಕ್ಯಾಥೆಟರ್‌ನ ಒಳಗೋಡೆಗೆ ಬಯೋಫಿಲ್ಮ್ (ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯುವ ಲೋಳೆ ಪದರ) ಕಟ್ಟಿರುತ್ತದೆ. ಲಕ್ಷಣ ಕಾಣಿಸಿಕೊಂಡರೆ ಮೊದಲು ಕ್ಯಾಥೆಟರ್ ಬದಲಿಸಿ, ಹೊಸದರಿಂದ ಸ್ಯಾಂಪಲ್ ತೆಗೆಯಿರಿ. ಇಲ್ಲದಿದ್ದರೆ ಟ್ಯೂಬಿನ ಗೋಡೆಯಲ್ಲಿ ಬೆಳೆದದ್ದೇ ರಿಪೋರ್ಟ್‌ನಲ್ಲಿ ಬರುತ್ತದೆ.

ವಾರ್ಡ್_ಸುತ್ತು:
ಈಗ ಆಂಟಿಬಯೋಟಿಕ್ ಬೇಡ, ಮತ್ತೆ ಕಲ್ಚರ್ ಕೂಡ ಬೇಡ. ಕ್ಯಾಥೆಟರ್ ಹಾಕಿದ ಮೇಲೆ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ದಿನಕ್ಕೆ 3ರಿಂದ 7%. ತಿಂಗಳು ಕಳೆದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಇದ್ದಮಾತ್ರಕ್ಕೆ ಸೋಂಕು ಅಲ್ಲ. ಔಷಧಿ ಕೊಟ್ಟರೆ ಸುಲಭವಾಗಿ ಸಾಯುವವು ಸಾಯುತ್ತವೆ, ಔಷಧಿಗೆ ಜಗ್ಗದವು ಆ ಜಾಗ ಹಿಡಿಯುತ್ತವೆ. ನಿಜವಾದ ಜ್ವರ ಬಂದ ದಿನ ಕೊಡಲು ಔಷಧಿಯೇ ಉಳಿದಿರುವುದಿಲ್ಲ. ಮಬ್ಬು, ವಾಸನೆ ನೋಡಿ ಚಿಕಿತ್ಸೆ ಶುರು ಮಾಡುವ ಅಭ್ಯಾಸ ನಿಲ್ಲಲೇಬೇಕು.

ಜ್ವರ, ನಡುಕ, ಸೊಂಟದ ಪಕ್ಕ ನೋವು, ಬಿಪಿ ಇಳಿಯುವುದು ಕಂಡರೆ ಕಾಯದೆ ವೈದ್ಯರ ಬಳಿ ಕರೆದೊಯ್ಯಿರಿ. ಹಿರಿಯರಿಗೆ ಬರೀ ಗೊಂದಲ ಶುರುವಾಗಿದ್ದರೆ ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ ಇವನ್ನೂ ನೋಡಿ. ಲಕ್ಷಣವಿಲ್ಲದೆಯೂ ಚಿಕಿತ್ಸೆ ಕೊಡುವುದು ಮುಖ್ಯವಾಗಿ ಎರಡು ಕಡೆ: ಗರ್ಭಿಣಿಯರಿಗೆ, ಮತ್ತು ಮೂತ್ರನಾಳದ ಒಳಪದರಕ್ಕೆ ಗಾಯವಾಗುವಂಥ ಶಸ್ತ್ರಚಿಕಿತ್ಸೆಗೆ ಮುಂಚೆ. ಸಕ್ಕರೆ ಕಾಯಿಲೆ, ಇಳಿವಯಸ್ಸು ಈ ಪಟ್ಟಿಯಲ್ಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ್ದು, ಆದರೆ ಮೊದಲು ಕೇಳಬೇಕಾದ್ದು: ಕ್ಯಾಥೆಟರ್ ಇನ್ನೂ ಬೇಕಾ? ತೆಗೆಯುವಷ್ಟು ಪರಿಣಾಮಕಾರಿ ತಡೆ ಬೇರೆ ಇಲ್ಲ.

ಆರೈಕೆ_ಕೈ:
ಇನ್ನೆರಡು ಪ್ರಶ್ನೆ. ಮನೆಯಲ್ಲೇ ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷಾ ಪಟ್ಟಿ) ಹಾಕಿ ನೋಡುತ್ತಿದ್ದರೆ ಉಪಯೋಗವಿದೆಯಾ? ಬ್ಯಾಗ್‌ಗೆ ಆಂಟಿಸೆಪ್ಟಿಕ್ ಹಾಕಬಹುದಾ?

ಲ್ಯಾಬ್_ಮೇಜು:
ಕ್ಯಾಥೆಟರ್ ಇರುವವರಲ್ಲಿ ಡಿಪ್‌ಸ್ಟಿಕ್‌ನಿಂದ ನಿರ್ಧಾರ ಆಗದು. ಪಾಸಿಟಿವ್ ಬರುವುದು ಅಲ್ಲಿ ಮಾಮೂಲು. ಕೆಲವು ಬ್ಯಾಕ್ಟೀರಿಯಾ ಮಾಡುವ ನೈಟ್ರೈಟ್ ಅನ್ನು ತೋರಿಸುವ ಪಟ್ಟಿಯ ಚೌಕ ಬಣ್ಣ ತಿರುಗಲು ಮೂತ್ರ ನಾಲ್ಕು ಗಂಟೆಯಾದರೂ ಮೂತ್ರಕೋಶದಲ್ಲಿ ನಿಂತಿರಬೇಕು, ಕ್ಯಾಥೆಟರ್‌ನಲ್ಲಿ ಅದು ನಿಲ್ಲುವುದೇ ಇಲ್ಲ. ಎಂಟೆರೋಕಾಕಸ್ ಎಂಬ ಬ್ಯಾಕ್ಟೀರಿಯಾ ಅಂತೂ ನೈಟ್ರೈಟ್ ಮಾಡುವುದಿಲ್ಲ. ವಿಟಮಿನ್ ಸಿ ಮಾತ್ರೆ ಜಾಸ್ತಿ ತಿಂದಿದ್ದರೆ ಸುಳ್ಳು ನೆಗೆಟಿವ್ ಬರಬಹುದು.

ವಾರ್ಡ್_ಸುತ್ತು:
ಬ್ಯಾಗ್‌ಗೆ ಆಂಟಿಸೆಪ್ಟಿಕ್ ಹಾಕಿ ಪ್ರಯೋಜನವಿಲ್ಲ. ಸುಮ್ಮನೆ ಮೂತ್ರಕೋಶ ತೊಳೆಯುವುದೂ ಬೇಡ, ಜೋಡಣೆ ಬಿಚ್ಚಿದಾಗಲೆಲ್ಲ ರೋಗಾಣುಗಳಿಗೆ ಬಾಗಿಲು ತೆರೆದಂತೆ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಮೂರನೇ ಎರಡು ಭಾಗ ತುಂಬುವ ಮೊದಲೇ ಖಾಲಿ ಮಾಡಿ, ನಲ್ಲಿಯ ತುದಿ ಪಾತ್ರೆಗೆ ಮುಟ್ಟಬಾರದು. ಟ್ಯೂಬನ್ನು ತೊಡೆಗೆ ಅಂಟಿಸಿ, ಎಳೆದಾಡದ ಹಾಗೆ.

ಕ್ಯಾಥೆಟರ್ ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಮೇಲೆ ಅನುಮಾನ ಬರಬೇಕು. ಅದು ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರೀಯವಾಗಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಒಳಗೆ ಗಟ್ಟಿಕಟ್ಟುತ್ತವೆ. ಬ್ಯಾಗ್‌ಗೆ ಹನಿ ಇಳಿಯದೆ ಕಿಬ್ಬೊಟ್ಟೆ ಉಬ್ಬಿದರೆ ಮೊದಲು ಟ್ಯೂಬ್ ಮಡಚಿಕೊಂಡಿದೆಯಾ ನೋಡಿ. ಇಲ್ಲವಾದರೆ ಅದೇ ಗಂಟೆಯಲ್ಲಿ ಕ್ಯಾಥೆಟರ್ ಬದಲಿಸುವವರನ್ನು ಕರೆಸಿ.