ಡ್ರಾಫ್ಟ್ ಸೆಟ್‌ಗೆ ಹುಡುಕೋ ಕಾರ್ಡು: ‘ಭಟ್ಕಳದ ಕುದುರೆ ದಲ್ಲಾಳಿ’ ಅನ್‌ಕಾಮನ್ ಆಗಿ ನಡೆಯುತ್ತಾ?

ಸಾಗರದವನು

ವಿಜಯನಗರದ ಕಾಲ ಇಟ್ಟುಕೊಂಡು ಒಂದು ಡ್ರಾಫ್ಟ್ ಸೆಟ್ (ಪ್ಯಾಕು ಒಡೆದು, ಒಂದೊಂದೇ ಕಾರ್ಡು ಆರಿಸಿ ಮುಂದಿನವರಿಗೆ ದಾಟಿಸಿ, ಸಿಕ್ಕಿದ್ದರಲ್ಲಿ ಡೆಕ್ ಕಟ್ಟಿ ಆಡೋ ಕಾರ್ಡುಗಳು) ಮಾಡ್ತಿದೀನಿ. ನಿಯಮ ಪೂರ್ತಿ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡಾಟದ್ದು, ಕಾರ್ಡು ಮಾತ್ರ ನಮ್ಮವು. ಒಟ್ಟು 360: 60 ಕಾಮನ್ ಮೂರು ಮೂರು ಪ್ರತಿ, 60 ಅನ್‌ಕಾಮನ್ ಎರಡೆರಡು, 60 ರೇರ್ ಒಂದೊಂದು. ಎಂಟು ಜನ ಕೂತರೆ ತಲಾ 15 ಕಾರ್ಡಿನ ಮೂರು ಪ್ಯಾಕು, ಒಂದೂ ಉಳಿಯಲ್ಲ. ಅಂದರೆ ಸೆಟ್‌ನಲ್ಲಿರೋ ಪ್ರತಿ ಕಾರ್ಡೂ ಪ್ರತಿ ಸಲ ಯಾರದಾದರೂ ಕೈಗೆ ಹೋಗೇ ಹೋಗುತ್ತೆ. ನನ್ನ ತಲೆನೋವಿಗೆ ಇದೂ ಒಂದು ಕಾರಣ.

ಬಿಳಿ-ಕೆಂಪು ಬಣ್ಣದ ಕಾರ್ಡುಗಳ ಜೋಡಿಯ ಥೀಮ್ ಕುದುರೆ ದಂಡು. ವಿಜಯನಗರದ ಅರಸರಿಗೆ ಒಳ್ಳೆಯ ಕುದುರೆ ಬರ್ತಿದ್ದದ್ದು ಕಡಲಾಚೆಯಿಂದ. ಅರಬ್ಬೀ ಕುದುರೆಗಳು ಹಡಗಲ್ಲಿ ಭಟ್ಕಳ, ಗೋವೆಯಂಥ ಬಂದರಿಗೆ ಇಳಿದು ಘಟ್ಟ ಹತ್ತಬೇಕಿತ್ತು. ಹಾಗಾಗಿ ಕುದುರೆ ತಂದುಕೊಡೋ ದಲ್ಲಾಳಿ ಇಲ್ಲದೆ ಈ ಸೆಟ್ ನನಗೆ ಪೂರ್ತಿ ಅನ್ನಿಸಲ್ಲ. ಈಗ ಬರೆದಿರೋದು ಹೀಗೆ (ಮನಾ ಅಂದರೆ ಕಾರ್ಡು ಇಳಿಸೋಕೆ ಕೊಡೋ ಬೆಲೆ; 2/2 ಅಂದರೆ ಹೊಡೆಯೋ ಪವರ್ ಎರಡು, ತಡೆಯೋ ಟಫ್‌ನೆಸ್ ಎರಡು; ಲೈಬ್ರರಿ ಅಂದರೆ ಇನ್ನೂ ಎತ್ತದ ಕಾರ್ಡುಗಳ ಕಟ್ಟು):

ಭಟ್ಕಳದ ಕುದುರೆ ದಲ್ಲಾಳಿ. ಎರಡು ಯಾವುದೇ ಮನಾ, ಒಂದು ಬಿಳಿ. ಅನ್‌ಕಾಮನ್. ಮನುಷ್ಯ, 2/2. ಇದು ಬೋರ್ಡಿಗೆ ಬಂದಾಗ ನಿಮ್ಮ ಲೈಬ್ರರಿಯಲ್ಲಿ ಒಂದು ಕುದುರೆ ಕಾರ್ಡು ಹುಡುಕಿ, ಎಲ್ಲರಿಗೂ ತೋರಿಸಿ, ಕೈಗೆ ತೆಗೆದುಕೊಳ್ಳಿ. ಆಮೇಲೆ ಲೈಬ್ರರಿ ಕಲಸಿ.

ಸೆಟ್‌ನಲ್ಲಿ ಕುದುರೆ ಒಟ್ಟು 26: ಕಾಮನ್ ಐದು ಬಗೆ, ಅನ್‌ಕಾಮನ್ ನಾಲ್ಕು, ರೇರ್ ಮೂರು. ಆ ಮೂರರಲ್ಲಿ ಒಂದು ‘ರಾಯರ ಪಟ್ಟದ ಕುದುರೆ’, ಆರು ಮನಾ, 5/5, ನಮ್ಮ ಉಳಿದ ಕ್ರೀಚರ್‌ಗಳಿಗೆಲ್ಲ (ಹೋರಾಡೋ ಕಾರ್ಡುಗಳಿಗೆ) +1/+1. ಇಡೀ ಸೆಟ್‌ನ ದೊಡ್ಡ ಬಾಂಬ್ (ಒಂದೇ ಆಟ ಗೆಲ್ಲಿಸಿಬಿಡೋ ಕಾರ್ಡು) ಅದೇ.

ಕಳೆದ ಸಲ ಆಡಿದಾಗ ಆದದ್ದು ಹೇಳ್ತೀನಿ. ಗೆಳೆಯನೊಬ್ಬ ಮೂರನೇ ಸುತ್ತಿಗೆ ದಲ್ಲಾಳಿ ಇಳಿಸಿ ಡೆಕ್ ಕೈಗೆತ್ತಿಕೊಂಡ. ಪ್ರಿಂಟ್ ತೆಗೆದ ಕಾಗದ ಹಾಕಿರೋ ಸ್ಲೀವ್‌ಗಳು, ಒಂದಕ್ಕೊಂದು ಅಂಟಿಕೊಳ್ತವೆ. ಒಂದೊಂದೇ ಬಿಡಿಸಿ ನೋಡ್ತಾ ಕೂತ. ಎದುರು ಕೂತವಳು ತನ್ನ ಕೈಯಲ್ಲಿರೋ ಕಾರ್ಡುಗಳನ್ನ ಮೇಜಿನ ಮೇಲೆ ಬೋರಲು ಹಾಕಿ ಕಾಯ್ತಾ ಕೂತಳು. ಕೊನೆಗೆ ತೆಗೆದದ್ದು ರಾಯರ ಕುದುರೆ, ಆರನೇ ಸುತ್ತಿಗೆ ಇಳಿಸಿದ, ಆಟ ಮುಗೀತು. ಎರಡನೇ ಆಟದಲ್ಲೂ ಇದೇ, ಅದೇ ಕ್ರಮದಲ್ಲಿ. ಅದೇ ಡ್ರಾಫ್ಟ್‌ನಲ್ಲಿ ಇನ್ನೊಂದು ದಲ್ಲಾಳಿ ಸಿಕ್ಕವನ ಹತ್ತಿರ ಎರಡೇ ಕಾಮನ್ ಕುದುರೆ ಇದ್ದವು. ಅವನು ದಲ್ಲಾಳಿಯನ್ನ ಡೆಕ್‌ಗೇ ಹಾಕಲಿಲ್ಲ.

ಒಬ್ಬನಿಗೆ ತೀರಾ ಜೋರು, ಇನ್ನೊಬ್ಬನಿಗೆ ಕೆಲಸಕ್ಕೆ ಬಾರದ್ದು. ಹೀಗಿರೋ ಕಾರ್ಡನ್ನ ಅಳೆಯೋದು ಹೇಗೆ? ಮನಾ ನಾಲ್ಕು ಮಾಡ್ಲಾ, ರೇರ್‌ಗೆ ಏರಿಸ್ಲಾ, ಹುಡುಕೋ ರೀತಿನೇ ಬದಲಿಸ್ಲಾ?

ನೀಲಿಮನಾ

ಹುಡುಕೋ ಕಾರ್ಡಿನ ತಾಕತ್ತು ಅದರ ಮೇಲೆ ಬರೆದಿರೋದರಲ್ಲಿ ಕಾಣಲ್ಲ, ಅದು ತಂದುಕೊಡೋ ಅತಿ ಒಳ್ಳೆಯ ಕಾರ್ಡಲ್ಲಿ ಇರುತ್ತೆ. ಮ್ಯಾಜಿಕ್‌ನಲ್ಲೇ 2004ರ ಫಿಫ್ತ್ ಡಾನ್ ಸೆಟ್‌ನಲ್ಲಿ ಬಂದ ಟ್ರಿಂಕೆಟ್ ಮೇಜ್ ಕಾರ್ಡು ನೋಡಿ. ಅದೂ ಮೂರು ಮನಾ, ಅದೂ 2/2. ಆದರೆ ಹುಡುಕೋದು ಒಂದು ಅಥವಾ ಅದಕ್ಕಿಂತ ಕಡಿಮೆ ಮನಾದ ಆರ್ಟಿಫ್ಯಾಕ್ಟ್ (ವಸ್ತುವಿನ ಕಾರ್ಡು) ಮಾತ್ರ. ಡ್ರಾಫ್ಟ್‌ನಲ್ಲಿ ಅದು ಯಾವತ್ತೂ ಬಾಂಬ್ ತರಲ್ಲ, ಯಾಕಂದ್ರೆ ಒಂದು ಮನಾಕ್ಕೆ ಬಾಂಬ್ ಇರೋದೇ ಅಪರೂಪ. 2016ರ ರಿಕ್ರೂಟರ್ ಆಫ್ ದ ಗಾರ್ಡ್ ಕೂಡ ಬಿಳಿ, ಮೂರು ಮನಾ. ಎರಡು ಅಥವಾ ಅದಕ್ಕಿಂತ ಕಡಿಮೆ ಟಫ್‌ನೆಸ್ ಇರೋ ಕ್ರೀಚರ್ ಮಾತ್ರ ಹುಡುಕುತ್ತೆ, ಮೈ ಬರೀ 1/1. ನಿಮ್ಮ ದಲ್ಲಾಳಿಗೆ ‘ಕುದುರೆ’ ಅನ್ನೋದೊಂದೇ ಬೇಲಿ, ಆ ಬೇಲಿಯ ಒಳಗೇ ರಾಯರ ಕುದುರೆ ನಿಂತಿದೆ.

ಲೆಕ್ಕ ಹಾಕಿ ನೋಡಿದೆ. 40 ಕಾರ್ಡಿನ ಡೆಕ್, ಎರಡನೆಯವರಾಗಿ ಆಡಿದರೆ ಆರನೇ ಸುತ್ತಿನ ಹೊತ್ತಿಗೆ 13 ಕಾರ್ಡು ನೋಡಿರ್ತೀರಿ. ರಾಯರ ಕುದುರೆ ಒಂದೇ ಇದ್ದರೆ ಅಷ್ಟರಲ್ಲಿ ಸಿಗೋ ಸಾಧ್ಯತೆ 32.5%. ಜೊತೆಗೆ ಒಂದು ದಲ್ಲಾಳಿ ಇದ್ದರೆ, ಎರಡರಲ್ಲಿ ಒಂದಾದರೂ ಸಿಗೋದು 55%. ಎರಡೂ ದಲ್ಲಾಳಿ ಒಬ್ಬರಿಗೇ ಸಿಕ್ಕರೆ 70%. ರೇರ್ ಅನ್ನೋ ಪದಕ್ಕೆ ಆಮೇಲೆ ಅರ್ಥ ಉಳಿಯಲ್ಲ.

ನಾಲ್ಕು ಮನಾ ಮಾಡೋದರಿಂದ ಇದು ಸರಿಹೋಗಲ್ಲ. ಬಾಂಬ್ ಇರೋರಿಗೆ ಒಂದು ಮನಾ ಹೆಚ್ಚು ಕೊಡೋದು ದೊಡ್ಡದಲ್ಲ, ಎರಡೇ ಕುದುರೆ ಇರೋರಿಗೆ ಮಾತ್ರ ಇನ್ನಷ್ಟು ಹೊಡೆತ. 1993ರ ಡೆಮಾನಿಕ್ ಟ್ಯೂಟರ್ ಎರಡು ಮನಾಕ್ಕೆ ಯಾವ ಕಾರ್ಡಾದರೂ ಹುಡುಕ್ತಿತ್ತು, 2001ರಲ್ಲಿ ಅದನ್ನೇ ನಾಲ್ಕು ಮನಾಕ್ಕೆ ಡಯಾಬಾಲಿಕ್ ಟ್ಯೂಟರ್ ಅಂತ ತಂದರು. ಬೆಲೆ ಏರಿತು, ಆದರೆ ಅದೂ ಡೆಕ್‌ನ ಅತಿ ಒಳ್ಳೆಯ ಕಾರ್ಡನ್ನೇ ತರುತ್ತೆ. ನಾನಾದರೆ ‘ಮೂರು ಅಥವಾ ಅದಕ್ಕಿಂತ ಕಡಿಮೆ ಮನಾದ ಕುದುರೆ’ ಅಂತ ಬರೀತಿದ್ದೆ. ಒಂದೇ ಸಾಲು, ಬಾಂಬ್ ಹೊರಗೆ.

ಧಾರವಾಡ ಮಳಿ

ನೀಲಿಮನಾ ಅವರ ಲೆಕ್ಕ ಖರೇ ಐತಿ, ಆದ್ರ ಮೂರು ಮನಾ ಮಿತಿ ಹಾಕಿದ್ರ ಅರ್ಧ ಸಮಸ್ಯಾ ಹಂಗ ಉಳೀತೈತಿ. ಡ್ರಾಫ್ಟ್ ಮಾಡೂವಾಗ ಏನಾಗತೈತಿ ಅನ್ನೂದನ್ನ ನೋಡ್ರಿ. ಇಡೀ ಲೈಬ್ರರಿ ಹುಡುಕೂ ಕಾರ್ಡಿಗೆ ಗುರಿ ಒಂದಿದ್ರ ಸಾಕು. ಛಲೋ ಕುದುರಿ ಒಂದ ಸಿಕ್ತಂದ್ರ ಮುಂದ ಬರೂ ಕುದುರಿಗೋಳ್ನ ಪಿಕ್ ಮಾಡಾಕ ದಲ್ಲಾಳಿ ಏನೂ ಕಾರಣ ಕೊಡೂದಿಲ್ಲ. ಕುದುರಿ ದಂಡು ಕಟ್ರಿ ಅಂತ ಹೇಳಬೇಕಾದ ಕಾರ್ಡು ಒಂದ ಕುದುರಿ ಸಾಕು ಅಂತ ಹೇಳಾಕತ್ತೈತಿ. ನನಗ ಇದು ಮನಾಕ್ಕಿಂತ ದೊಡ್ಡ ಮಾತು.

ಅದಕ್ಕ ‘ಮ್ಯಾಲಿನ ಐದು ಕಾರ್ಡು ನೋಡಿ, ಅದರಾಗ ಒಂದು ಕುದುರಿ ತಗೋರಿ, ಉಳಿದದ್ದು ಹೆಂಗಾರ ಕಲಸಿ ತಳಕ್ಕ ಹಾಕ್ರಿ’ ಅಂತ ಮಾಡ್ರಿ. 40 ಕಾರ್ಡಿನ ಡೆಕ್‌ನ್ಯಾಗ ಮೂರು ಕುದುರಿ ಇದ್ರ ಸಿಗೂದು 34%, ನಾಲ್ಕಿದ್ರ 43%, ಆರಿದ್ರ 58%, ಎಂಟಿದ್ರ 69%. ಒಂದೊಂದು ಕುದುರಿ ಹೆಚ್ಚಾದಂಗ ದಲ್ಲಾಳಿ ಕಿಮ್ಮತ್ತು ಏರಕೋತ ಹೋಗತೈತಿ. ಮೂರನೇ ಪ್ಯಾಕ್‌ನ್ಯಾಗ ಸಾದಾ ಕಾಮನ್ ಕುದುರಿ ಕಂಡ್ರೂ ಕೈ ಹೋಗತೈತಿ. ರಾಯರ ಕುದುರಿನ ಆ ಐದರಾಗ ಇರೂ ಸಾಧ್ಯತಾ ಎಂಟಕ್ಕ ಒಂದು, ಅಷ್ಟು ಇರಲಿ ಬಿಡ್ರಿ, ಸಿಕ್ಕಾಗ ಖುಷಿ ಆಗತೈತಿ.

ಇದು ನನ್ನ ಸ್ವಂತ ವಿಚಾರ ಅಲ್ಲ. 2018ರ ಎಂ19 ಸೆಟ್‌ನ್ಯಾಗ ಮಿಲಿಶಿಯಾ ಬ್ಯೂಗ್ಲರ್ ಅಂತ ಐತಿ: ಬಿಳಿ, ಮೂರು ಮನಾ, ಅನ್‌ಕಾಮನ್, 2/3. ಮ್ಯಾಲಿನ ನಾಲ್ಕು ಕಾರ್ಡು ನೋಡಿ ಎರಡು ಅಥವಾ ಅದಕ್ಕಿಂತ ಕಡಿಮಿ ಪವರ್ ಇರೂ ಕ್ರೀಚರ್ ತಗೋಬಹುದು. ಅಂಥಾ ಕ್ರೀಚರ್ ಹತ್ತು ಇದ್ರ 70% ಸಿಗತೈತಿ. ನಿಮ್ಮ ದಲ್ಲಾಳಿಗೆ ಅಳತಿಗೋಲು ಬೇಕಂದ್ರ ಇದ ನೋಡ್ರಿ.

ಒಂದ ಆಟ ಮತ್ತ ಮತ್ತ ಆಡಿದಂಗ ಆಗೂ ದೂರು ಹಳೇದು. 1999ರ ಮರ್ಕೇಡಿಯನ್ ಮಾಸ್ಕ್ಸ್ ಸೆಟ್‌ನ್ಯಾಗ ರೆಬೆಲ್ ಕಾರ್ಡುಗೋಳು ಒಂದನ್ನೊಂದು ಲೈಬ್ರರಿಯಿಂದ ಹುಡುಕಿ ಸೀದಾ ಬೋರ್ಡಿಗೇ ತರ್ತಿದ್ವು. ರಮೋಸಿಯನ್ ಸಾರ್ಜೆಂಟ್ ಅಂತೂ ಒಂದು ಮನಾದ ಕಾಮನ್. ಪ್ರತಿ ಸುತ್ತಿಗೂ ಹುಡುಕು, ಕಲಸು. ಆ ಬ್ಲಾಕ್‌ನ (ಒಂದರ ಹಿಂದ ಒಂದು ಬಂದ ಸೆಟ್‌ಗೋಳ ಗುಂಪಿನ) ಟೂರ್ನಮೆಂಟ್‌ಗೋಳೊಳಗ ಕಡೀಕ 2000ದಾಗ ಲಿನ್ ಸಿವಿ ಅನ್ನೂ ರೆಬೆಲ್ ಕಾರ್ಡಿಗೆ ನಿಷೇಧ ಹಾಕಬೇಕಾತು. ನಿಮ್ಮದು ಒಂದ ಸಲ ಹುಡುಕೂ ಕಾರ್ಡು, ಅಷ್ಟು ಭಯಾ ಬ್ಯಾಡ. ಆದ್ರ ಕಾಗದದ ಸ್ಲೀವ್ ಬಿಡಿಸಿ ಕಲಸೂ ಹೊತ್ತು ಮೇಜಿನ ಮ್ಯಾಲ ಎಲ್ಲಾರದ್ದೂ ಹೋಗತೈತಿ. ಐದು ಕಾರ್ಡಾದ್ರ ಲಗೂನ ಮುಗೀತೈತಿ.

ಕಾಫಿಕಟ್ಟೆ

ನಾನು ಹೊಸಬರಿಗೆ ಆಟ ಕಲಿಸೋವಳು, ಆ ಕಡೆಯಿಂದ ಹೇಳ್ತೀನಿ. ಐದು ಕಾರ್ಡು ನೋಡೋದನ್ನ ನಾನೂ ಒಪ್ತೀನಿ. ಆದರೆ ಆರು ಕುದುರೆ ಹಾಕಿದವರಿಗೂ ಹತ್ತರಲ್ಲಿ ನಾಲ್ಕು ಸಲ ಏನೂ ಸಿಗಲ್ಲ ಅನ್ನೋದು ಚಿಕ್ಕ ವಿಷಯ ಅಲ್ಲ. ಹೊಸಬರು ಐದು ಕಾರ್ಡು ತಿರುಗಿಸಿ, ಕುದುರೆ ಇಲ್ಲ ಅಂದಾಗ ಮುಖ ಸಣ್ಣ ಮಾಡ್ಕೊಂಡು ಅವನ್ನ ತಳಕ್ಕೆ ಹಾಕ್ತಾರಲ್ಲ, ಆ ಐದರಲ್ಲಿ ಅವರಿಗೆ ಇಷ್ಟದ ಕಾರ್ಡೂ ಇರುತ್ತೆ. ಗಣಿತದಲ್ಲಿ ಅದು ನಷ್ಟ ಅಲ್ಲ ಅಂತ ಎಷ್ಟು ವಿವರಿಸಿದರೂ ಅವರ ಮನಸ್ಸು ಒಪ್ಪಲ್ಲ. ಮುಂದಿನ ಡ್ರಾಫ್ಟ್‌ನಲ್ಲಿ ದಲ್ಲಾಳಿನ ಮುಟ್ಟೋದೇ ಇಲ್ಲ.

ಸಾಗರದವರೇ, ಇದಕ್ಕೆ ಉತ್ತರ ನಿಮ್ಮ ಕಥೆಯಲ್ಲೇ ಇದೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜ್, ಸಾಳುವ ನರಸಿಂಹನ ಬಗ್ಗೆ ಒಂದು ಮಾತು ಬರೆದಿದಾನೆ. ಅರಸ ಕುದುರೆಗಳನ್ನ ಬದುಕಿದ್ದರೂ ಸತ್ತಿದ್ದರೂ ಕೊಳ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯದಾದರೆ ಬರೀ ಬಾಲ ತಂದು ತೋರಿಸಿದರೂ ಜೀವಂತ ಕುದುರೆಗೆ ಕೊಡೋಷ್ಟೇ ಹಣ ಕೊಡ್ತಿದ್ದನಂತೆ! ಇದಕ್ಕಿಂತ ಚೆನ್ನಾಗಿ ಯಾರು ಬರೆದುಕೊಡ್ತಾರೆ ನಿಮಗೆ? ‘ಕುದುರೆ ಸಿಗದಿದ್ದರೆ ಒಂದು ವರಾಹ ಟೋಕನ್ ಪಡೆಯಿರಿ’ ಅಂತ ಸೇರಿಸಿ, ವರಾಹ ಅಂದರೆ ಆ ಕಾಲದ ಚಿನ್ನದ ನಾಣ್ಯ. ವರಾಹವನ್ನ ಒಡೆದರೆ ಒಂದು ಮನಾ, ಮ್ಯಾಜಿಕ್‌ನ ಟ್ರೆಷರ್ ಟೋಕನ್ ಇರೋ ಹಾಗೆ. ದಲ್ಲಾಳಿ ಬರಿಗೈಯಲ್ಲಿ ಬಂದ ಅಂತ ಯಾರಿಗೂ ಅನ್ನಿಸಲ್ಲ, ಎರಡೇ ಕುದುರೆ ಇರೋರೂ ಡೆಕ್‌ಗೆ ಕೊನೆಯ ಕಾರ್ಡಾಗಿ ಹಾಕಿಕೊಳ್ತಾರೆ.

ಇನ್ನೊಂದು: ಕುದುರೆ ಸಿಕ್ಕಾಗ ಎದುರಾಳಿಗೆ ತೋರಿಸೋ ನಿಯಮವನ್ನ ಮಾತ್ರ ತೆಗೀಬೇಡಿ. ಮುಂದೆ ಏನು ಬರುತ್ತೆ ಅಂತ ಗೊತ್ತಿರೋದು ಎದುರಾಳಿಗೆ ಸಿಗೋ ನ್ಯಾಯ, ಅದಕ್ಕೆ ತಕ್ಕ ಹಾಗೆ ಒಂದು ರಿಮೂವಲ್ (ಎದುರಿನವರ ಕ್ರೀಚರ್ ತೆಗೆದುಹಾಕೋ ಕಾರ್ಡು) ಉಳಿಸಿಕೊಳ್ಳಬಹುದು.

ನೀಲಿಮನಾ

ಬಾಲದ ವಿಷಯ ಗೊತ್ತಿರಲಿಲ್ಲ, ಕಾರ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ವರಾಹದ ಬಗ್ಗೆ ಒಂದು ಎಚ್ಚರ. ಮೂರನೇ ಸುತ್ತಿಗೆ 2/2 ಜೊತೆ ಒಂದು ವರಾಹ ಅಂದರೆ ನಾಲ್ಕನೇ ಸುತ್ತಿಗೇ ಐದು ಮನಾ. ಕುದುರೆಯೇ ಇಲ್ಲದ ಡೆಕ್‌ಗೂ ಅದು ಒಳ್ಳೆಯ ಕಾರ್ಡಾಗಿಬಿಡುತ್ತೆ. ಆಗ ಕುದುರೆ ಡ್ರಾಫ್ಟ್ ಮಾಡೋರಿಗೆ ದಲ್ಲಾಳಿ ಉಳಿಯೋದೇ ಇಲ್ಲ, ಬಿಳಿ ಆಡೋರೆಲ್ಲ ಮೊದಲೇ ಎತ್ಕೊಂಡು ಹೋಗ್ತಾರೆ. ಮೈಯನ್ನ 2/1 ಮಾಡಿ. ವರಾಹ ಟ್ಯಾಪ್ ಆಗಿ (ಬಳಸಿ ಮುಗಿದ ಹಾಗೆ ಅಡ್ಡ ತಿರುಗಿಸಿ) ಬರಲಿ, ಅದೇ ಸುತ್ತಿನಲ್ಲಿ ಒಡೆಯೋಕೆ ಆಗಬಾರದು.

ಧಾರವಾಡ ಮಳಿ

2/1 ಬರೋಬರಿ. ಟ್ಯಾಪ್ ಆಗಿ ಬರೂದು ಬ್ಯಾಡ, ಓದೂ ಸಾಲು ಹೆಚ್ಚಾಗತೈತಿ. ಮೊದಲ ಈ ಕಾರ್ಡಿನ ಮ್ಯಾಲ ಮಾತು ಬಾಳ ಆಗ್ಯಾವ.

ಸಾಗರದವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಮನಸ್ಸಿಟ್ಟು ನೋಡಿಕೊಡ್ತೀರ ಅಂದುಕೊಂಡಿರಲಿಲ್ಲ. ಮುಂದಿನ ಡ್ರಾಫ್ಟ್‌ಗೆ ಹೀಗೆ ಪ್ರಿಂಟ್ ತೆಗೀತೀನಿ:

ಭಟ್ಕಳದ ಕುದುರೆ ದಲ್ಲಾಳಿ. ಎರಡು ಯಾವುದೇ ಮನಾ, ಒಂದು ಬಿಳಿ. ಅನ್‌ಕಾಮನ್. ಮನುಷ್ಯ, 2/1. ಇದು ಬೋರ್ಡಿಗೆ ಬಂದಾಗ ಲೈಬ್ರರಿಯ ಮೇಲಿನ ಐದು ಕಾರ್ಡು ನೋಡಿ. ಅವುಗಳಲ್ಲಿ ಒಂದು ಕುದುರೆಯನ್ನು ತೋರಿಸಿ ಕೈಗೆ ತೆಗೆದುಕೊಳ್ಳಬಹುದು. ಉಳಿದವನ್ನು ಕಲಸಿ ತಳಕ್ಕೆ ಹಾಕಿ. ಕುದುರೆ ತೆಗೆದುಕೊಳ್ಳದಿದ್ದರೆ ಒಂದು ವರಾಹ ಟೋಕನ್ ಪಡೆಯಿರಿ.

ಮಳಿ ಅವರು ಹೇಳಿದ ಹಾಗೆ ಟ್ಯಾಪ್ ಸಾಲು ಬಿಟ್ಟಿದೀನಿ. ನೀಲಿಮನಾ ಅವರ ಭಯ ನಿಜಾನಾ ಅಂತ ತಿಳಿಯೋಕೆ, ದಲ್ಲಾಳಿ ಎಷ್ಟನೇ ಪಿಕ್‌ಗೆ ಹೋಗುತ್ತೆ, ತಗೊಂಡವರ ಡೆಕ್‌ನಲ್ಲಿ ಎಷ್ಟು ಕುದುರೆ ಇದ್ದವು, ಇವೆರಡನ್ನ ಬರೆದಿಡ್ತೀನಿ. ಮೂರಕ್ಕಿಂತ ಕಡಿಮೆ ಕುದುರೆ ಇರೋ ಬಿಳಿ ಡೆಕ್‌ಗಳೂ ಮೊದಲ ನಾಲ್ಕು ಪಿಕ್‌ನಲ್ಲಿ ಎತ್ತೋಕೆ ಶುರು ಮಾಡಿದರೆ ವರಾಹ ಟ್ಯಾಪ್ ಆಗಿಯೇ ಬರಲಿ.

ರಾಯರ ಕುದುರೆಯ ಮನಾ ಮಾತ್ರ ಆರೇ ಇರುತ್ತೆ. ಅದು ಜೋರಾಗಿಯೇ ಇರಬೇಕು ಅನ್ನೋದು ನನ್ನ ಆಸೆ, ಪ್ರತಿ ಆಟದಲ್ಲೂ ಬರದಿದ್ದರೆ ಸಾಕು. ಕಾಫಿಕಟ್ಟೆ ಅವರೇ, ಬಾಲದ ಮಾತನ್ನ ಕಾರ್ಡಿನ ಕೆಳಗೆ ಎರಡು ಸಾಲಲ್ಲಿ ನೀವೇ ಬರೆದುಕೊಡ್ತೀರಾ? ಜಾಗ ಕಡಿಮೆ ಇದೆ, ಹತ್ತು ಹನ್ನೆರಡು ಪದ ಹಿಡಿಸುತ್ತೆ.