ಮೂರು ದಿನದ ಕೂಸು ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತದೆ, ಎಬ್ಬಿಸಬೇಕಾ?

ಹಾಸನದ ಹೊಸ ಅಮ್ಮ

ಎಲ್ಲರಿಗೂ ನಮಸ್ಕಾರ. ನನಗಿದು ಮೊದಲ ಹೆರಿಗೆ. ಬಿಪಿ ಜಾಸ್ತಿ ಆಯ್ತು ಅಂತ 37 ವಾರಕ್ಕೇ ಸಿಸೇರಿಯನ್ ಮಾಡಿದರು. ಮಗಳು ಹುಟ್ಟಿ ಇವತ್ತಿಗೆ ಮೂರನೇ ದಿನ, ಹುಟ್ಟಿದಾಗ ತೂಕ 2.7 ಕೆಜಿ. ಎದೆಗೆ ಹಾಕಿಕೊಂಡರೆ ನಾಲ್ಕು ಸಲ ಚೀಪಿ ಹಾಗೇ ನಿದ್ದೆ ಹೋಗಿಬಿಡುತ್ತಾಳೆ. ಕೆನ್ನೆ ತಟ್ಟಿದರೂ ಕಣ್ಣು ಬಿಡುವುದಿಲ್ಲ, ನಿನ್ನೆ ರಾತ್ರಿ ಐದು ಗಂಟೆ ಏಳಲೇ ಇಲ್ಲ. ಮಲಗಿರುವ ಕೂಸನ್ನು ಎಬ್ಬಿಸಬಾರದು, ಹಸಿವಾದರೆ ತಾನೇ ಅಳುತ್ತದೆ ಅಂತ ಅತ್ತೆ ಹೇಳುತ್ತಾರೆ. ನಿನಗೆ ಹಾಲೇ ಬಂದಿಲ್ಲ, ಸಕ್ಕರೆ ನೀರಾದರೂ ಕೊಡೋಣ ಅಂತ ಅಮ್ಮ. ಸಿಸ್ಟರ್ ಬಂದು "ಎಬ್ಬಿಸಿ ಕುಡಿಸಿ" ಅಂತ ಹೇಳಿ ಹೋಗುತ್ತಾರೆ, ಹೇಗೆ ಎಬ್ಬಿಸುವುದು ಅಂತ ಯಾರೂ ತೋರಿಸಿಲ್ಲ. ಹಿಂಡಿದರೆ ಹಳದಿ ಬಣ್ಣದ್ದು ಒಂದೆರಡು ಹನಿ ಬರುತ್ತದೆ ಅಷ್ಟೇ. ಬೆಳಗಿನಿಂದ ಈಗ ಸಂಜೆವರೆಗೆ ಉಚ್ಚೆ ಹೊಯ್ದಿರುವುದು ಒಂದೇ ಸಲ. ಮುಖ ಸ್ವಲ್ಪ ಹಳದಿ ಕಾಣುತ್ತಿದೆ, ಲೈಟಿನ ಬೆಳಕಿಗೋ ಏನೋ ಗೊತ್ತಾಗುತ್ತಿಲ್ಲ. ನಾಳೆ ಡಿಸ್ಚಾರ್ಜ್. ತುಂಬಾ ಭಯ ಆಗುತ್ತಿದೆ, ಗೊತ್ತಿರುವವರು ದಯವಿಟ್ಟು ಹೇಳಿ.

ಧಾರವಾಡದ ನರ್ಸ್

ತಂಗಿ, ನೀವು ಆಸ್ಪತ್ರೆಯಲ್ಲೇ ಇದ್ದೀರಲ್ಲ, ಅದು ಒಳ್ಳೆಯದಾಯಿತು. ಇದನ್ನು ಓದಿದ ಕೂಡಲೇ ಯಾರನ್ನಾದರೂ ಕಳಿಸಿ ಮಕ್ಕಳ ಡಾಕ್ಟರನ್ನು ಕರೆಸಿ. ನಾಳೆವರೆಗೆ ಕಾಯಬೇಡಿ. ಎರಡು ಕೆಲಸ ಕೇಳಿ: ಮಗುವಿನ ತೂಕ ನೋಡಬೇಕು, ಬಿಲಿರುಬಿನ್ ಪರೀಕ್ಷೆ, ಅಂದರೆ ಕಾಮಾಲೆ ಎಷ್ಟಿದೆ ಅಂತ ತಿಳಿಯುವ ಪರೀಕ್ಷೆ ಮಾಡಬೇಕು. ಕಾಮಾಲೆ ಜಾಸ್ತಿಯಾದರೆ ಮಗುವಿಗೆ ಮಂಪರು, ಮಂಪರಿನಲ್ಲಿ ಹಾಲು ಕುಡಿಯುವುದಿಲ್ಲ, ಕುಡಿಯದಿದ್ದರೆ ಕಕ್ಕ ಕಡಿಮೆಯಾಗಿ ಕಾಮಾಲೆ ಇನ್ನೂ ಏರುತ್ತದೆ. ನಮ್ಮ ಮೈಬಣ್ಣದಲ್ಲಿ ಕಣ್ಣಿನಿಂದ ನೋಡಿ ಅಂದಾಜು ಮಾಡುವುದು ಕಷ್ಟ, ಪರೀಕ್ಷೆಯೇ ಆಗಬೇಕು. ಬೆಳಗಿನ ಬಿಸಿಲಿಗೆ ಹಿಡಿದರೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ತೂಕ ಎಲ್ಲ ಮಕ್ಕಳಲ್ಲೂ ಮೊದಲು ಸ್ವಲ್ಪ ಇಳಿಯುತ್ತದೆ. ಆದರೆ ಹತ್ತು ಪರ್ಸೆಂಟ್ ತನಕ ಇಳಿದಿದ್ದರೆ, ಅಂದರೆ ನಿಮ್ಮ ಮಗಳು 2.43 ಕೆಜಿ ಹತ್ತಿರ ಬಂದಿದ್ದರೆ, ಹಾಲು ಸಾಲುತ್ತಿಲ್ಲ ಅಂತಲೇ ಅರ್ಥ. ಉಚ್ಚೆಯ ಲೆಕ್ಕ ಸುಲಭ. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು, ಮೂರನೇ ದಿನ ಮೂರಾದರೂ ಆಗಬೇಕು. ಐದನೇ ದಿನದಿಂದ ಆರು ಇಲ್ಲವೇ ಅದಕ್ಕೂ ಜಾಸ್ತಿ. ಡೈಪರ್ ಹಾಕಿದ್ದರೆ ಒದ್ದೆಯಾಗಿದ್ದೇ ಗೊತ್ತಾಗುವುದಿಲ್ಲ, ಈಗ ಹಳೇ ಕಾಟನ್ ಬಟ್ಟೆಯೇ ಕಟ್ಟಿ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ತೂಕ ಚೆನ್ನಾಗಿ ಏರುತ್ತಿರುವ ಒಂದು ತಿಂಗಳ ಮಗುವಿಗೆ ಅವರ ಮಾತು ಸರಿ. ಮೂರು ದಿನದ, ಅದೂ 37 ವಾರಕ್ಕೇ ಹುಟ್ಟಿದ ಕೂಸಿಗೆ ಖಂಡಿತ ಸರಿಯಲ್ಲ. ಈ ಮಕ್ಕಳು ನೋಡಲು ಪೂರ್ತಿ ಬೆಳೆದ ಹಾಗೇ ಇರುತ್ತವೆ, ಆದರೆ ಚೀಪುವ ಶಕ್ತಿ ಕಡಿಮೆ, ಬೇಗ ಸುಸ್ತಾಗುತ್ತವೆ, ಹಸಿದರೂ ಅಳುವುದಿಲ್ಲ. ಸುಮ್ನೆ ಮಲಗಿದ್ದಾಳೆ ಅಂದ ಮಾತ್ರಕ್ಕೆ ಹೊಟ್ಟೆ ತುಂಬಿದೆ ಅಂತ ಅಲ್ಲ. ಎರಡರಿಂದ ಮೂರು ಗಂಟೆಗೊಮ್ಮೆ, ದಿನಕ್ಕೆ 8ರಿಂದ 12 ಸಲ ಕುಡಿಸಲೇಬೇಕು, ರಾತ್ರಿಯೂ ಸೇರಿ.

ಎಬ್ಬಿಸುವುದು ಹೇಗೆ ಅಂದರೆ, ಮೊದಲು ಸುತ್ತಿರುವ ಬಟ್ಟೆ ಬಿಚ್ಚಿ. ಬೆಚ್ಚಗೆ ಬಿಗಿಯಾಗಿ ಸುತ್ತಿದರೆ ಯಾವ ಮಗುವೂ ಏಳುವುದಿಲ್ಲ. ಕುಲಾವಿ, ಕೆಳಗಿನ ಬಟ್ಟೆ ಇರಲಿ, ಉಳಿದದ್ದು ತೆಗೆದು ನಿಮ್ಮ ಬರಿ ಎದೆಯ ಮೇಲೆ ಮಗುವಿನ ಬರಿ ಮೈ ತಾಗುವಂತೆ ಮಲಗಿಸಿಕೊಂಡು, ಮೇಲಿನಿಂದ ಒಂದು ಬಟ್ಟೆ ಹೊದ್ದುಕೊಳ್ಳಿ. ಅದರ ಮೂಗು ಬಾಯಿಗೆ ಬಟ್ಟೆ ಅಡ್ಡ ಬರಬಾರದು, ನಿಮಗೆ ತೂಕಡಿಕೆ ಬಂದರೆ ಪಕ್ಕದವರಿಗೆ ಕೊಡಿ. ಬೆನ್ನು, ಅಂಗಾಲು ಮೆಲ್ಲಗೆ ಉಜ್ಜಿ. ರೆಪ್ಪೆ ಅಲುಗುವುದು, ತುಟಿ ಚಪ್ಪರಿಸುವುದು, ಕೈ ಬಾಯಿಗೆ ತರುವುದು ಕಂಡರೆ ಆಗಲೇ ಎದೆಗೆ ಹಾಕಿಕೊಳ್ಳಿ, ಅಳು ಬರಲಿ ಅಂತ ಕಾಯಬೇಡಿ. ತಣ್ಣೀರು ಚಿಮುಕಿಸುವುದು, ಅಂಗಾಲಿಗೆ ಹೊಡೆಯುವುದು ಬೇಡವೇ ಬೇಡ.

ಚೀಪುವುದು ನಿಂತ ಕೂಡಲೇ ನಿಮ್ಮ ಮೊಲೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ ಹಿಡಿಯಿರಿ. ಹಾಲು ಬಾಯಿಗೆ ಬಂದರೆ ಮತ್ತೆ ನುಂಗುತ್ತಾಳೆ. ಒತ್ತಿದರೂ ನುಂಗದಿದ್ದರೆ ಬಾಯಿ ಬಿಡಿಸಿ, ಬಟ್ಟೆ ಬದಲಾಯಿಸಿ, ಇನ್ನೊಂದು ಕಡೆ ಕೊಡಿ. ಬಾಯಿ ಅಗಲವಾಗಿ ತೆರೆದು, ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು. ಹೊಲಿಗೆ ನೋಯುತ್ತಿದ್ದರೆ ಮಗುವನ್ನು ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಬರುವ ಹಾಗೆ ಹಿಡಿದುಕೊಳ್ಳಿ.

ತೀರ್ಥಹಳ್ಳಿ, ಎರಡು ಮಕ್ಕಳ ತಾಯಿ

ನಿಮಗೆ ಹಾಲು ಬಂದಿಲ್ಲ ಅಂತ ಯಾರು ಹೇಳಿದರೂ ನಂಬಬೇಡಿ. ಆ ಹಳದಿ ಹನಿಯೇ ಹಾಲು. ಮೊದಲ ದಿನ ಮಗುವಿನ ಹೊಟ್ಟೆ ಒಂದು ಗೋಲಿಯಷ್ಟು, ಒಂದು ಸಲಕ್ಕೆ 5–7 ಮಿಲಿ ಸಾಕು, ಆಮೇಲೆ ದಿನದಿಂದ ದಿನಕ್ಕೆ ಜಾಸ್ತಿ ಬೇಕಾಗುತ್ತದೆ. ಎದೆ ತುಂಬಿ ಬರುವುದು ಎರಡರಿಂದ ನಾಲ್ಕನೇ ದಿನದೊಳಗೆ, ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡ. ನನಗೂ ತಡವಾಗಿಯೇ ಬಂತು.

ಮಗು ಚೀಪದಿದ್ದರೆ ಕೈಯಿಂದ ಹಿಂಡಿ ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಕುಡಿಸಿ. ಈ ಗಟ್ಟಿ ಹಾಲಿಗೆ ಪಂಪ್‌ಗಿಂತ ಕೈಯೇ ವಾಸಿ, ಪಂಪಿನಲ್ಲಾದರೆ ಬಂದಷ್ಟೂ ಅದರ ಗೋಡೆಗೇ ಅಂಟಿಕೊಳ್ಳುತ್ತದೆ. ಕೈ ತೊಳೆದು, ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಆಮೇಲೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ನಂತರ ಬೆರಳು ಕೂಡಿಸಿ ಒತ್ತಿ, ಬಿಡಿ. ತೊಟ್ಟನ್ನೇ ಎಳೆಯಬೇಡಿ, ನೋವಾಗುತ್ತದೆ, ಹಾಲೂ ಬರುವುದಿಲ್ಲ. ಚಿಕ್ಕ ಸ್ಟೀಲ್ ಬಟ್ಟಲಿಗೆ ಹಿಡಿಯಿರಿ. ಒಳಲೆ, ಬಟ್ಟಲು ಎರಡನ್ನೂ ಮೊದಲೇ ಕುದಿಸಿಟ್ಟಿರಬೇಕು. ಮಗು ಎಚ್ಚರ ಇರುವಾಗ ಮಾತ್ರ, ತಲೆ ಎತ್ತರಕ್ಕೆ ಹಿಡಿದು, ತುಟಿಯ ಅಂಚಿಗೆ ತಾಗಿಸಿ, ನುಂಗಿದ ಮೇಲೆ ಇನ್ನೊಂದು ಹನಿ. ಮಲಗಿಸಿ ಬಾಯಿಗೆ ಸುರಿದರೆ ನೆತ್ತಿಗೇರುತ್ತದೆ. ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ, ಎರಡು ಹನಿ ಬಂತು ಅಂತ ಬೇಸರ ಮಾಡಿಕೊಂಡು ನಿಲ್ಲಿಸಬೇಡಿ.

ಸಕ್ಕರೆ ನೀರು, ಜೇನುತುಪ್ಪ, ಬಜೆ ತೇಯ್ದು ನೆಕ್ಕಿಸುವುದು ಯಾವುದೂ ಬೇಡ. ಡಾಕ್ಟರ್ ತೂಕ ನೋಡಿ ಸ್ವಲ್ಪ ಪೌಡರ್ ಹಾಲು ಬೇಕು ಅಂದರೆ ಅಳುತ್ತಾ ಕೂರಬೇಡಿ, ಕೊಡಿ. ಅದನ್ನೂ ಒಳಲೆಯಲ್ಲೇ ಕೊಡಿ, ಎದೆಗೆ ಹಾಕುವುದು, ಹಿಂಡುವುದು ಮಾತ್ರ ಬಿಡಬೇಡಿ. ಮಗುವಿನ ಹೊಟ್ಟೆ ತುಂಬಿದರೆ ತಾನೇ ಅದಕ್ಕೆ ಚೀಪುವ ಶಕ್ತಿ ಬರುವುದು?

ಮೈಸೂರಿನ ಅಜ್ಜಿ

ನಾನು ನಮ್ಮ ಮನೆಯಲ್ಲಿ, ಬೀದಿಯಲ್ಲಿ ಬೇಕಾದಷ್ಟು ಕೂಸುಗಳಿಗೆ ನೀರೆರೆದವಳು. ಮನೆಗೆ ಹೋದ ಮೇಲಿನ ಮಾತು ಹೇಳುತ್ತೇನೆ ಮಗಳೇ. ಬಿಸಿ ನೀರೆರೆದು, ಸಾಂಬ್ರಾಣಿ ಹೊಗೆ ಕೊಟ್ಟು, ಸುತ್ತಿ ಮಲಗಿಸಿದರೆ ಕೂಸು ನಾಲ್ಕೈದು ಗಂಟೆ ಮಿಸುಕುವುದಿಲ್ಲ. ದೊಡ್ಡವರಿಗೆ ಅದು ಖುಷಿ. ಆದರೆ ತೂಕ ಏರದ ಕೂಸಿಗೆ ಅಷ್ಟು ಹೊತ್ತು ಹಾಲಿಲ್ಲದೆ ಕಳೆದರೆ ಹೇಗೆ? ಈಗ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಹೊಗೆಯಂತೂ ಬೇಡ, ಎಳೇ ಶ್ವಾಸಕ್ಕೆ ಅದು ಆಗುವುದಿಲ್ಲ. ಇನ್ನು ಬಾಣಂತಿಗೆ ನೀರು ಕೊಡಬಾರದು ಅಂತ ಕೆಲವು ಮನೆಗಳಲ್ಲಿ ಗಂಟಲು ಒಣಗಿಸುತ್ತಾರೆ. ನೀವು ಬಾಯಾರಿದಾಗಲೆಲ್ಲ ಬೆಚ್ಚಗಿನ ನೀರು ಕುಡಿಯಿರಿ, ಬಿಸಿ ಅನ್ನ, ಸಾರು, ತುಪ್ಪ, ಸಬ್ಬಸಿಗೆ ಸೊಪ್ಪಿನ ಪಲ್ಯ ಹೊಟ್ಟೆ ತುಂಬಾ ಉಣ್ಣಿ. ನಿಮ್ಮ ಅತ್ತೆಗೆ ನನ್ನ ಮಾತು ಓದಿ ಹೇಳಿ, ವಯಸ್ಸಾದವಳು ಹೇಳಿದರೆ ಒಪ್ಪಬಹುದು.

ಹಾಸನದ ಹೊಸ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಬಂದು ನೋಡಿದರು. ಬಿಲಿರುಬಿನ್ ಜಾಸ್ತಿ ಇದೆಯಂತೆ, ಫೋಟೋಥೆರಪಿಗೆ (ಕಾಮಾಲೆ ಇಳಿಸುವ ಲೈಟಿನ ಕೆಳಗೆ) ಹಾಕಿದ್ದಾರೆ, ಡಿಸ್ಚಾರ್ಜ್ ಮುಂದಕ್ಕೆ ಹೋಯಿತು. ಹಿಂಡಿದ ಹಾಲು ಒಳಲೆಯಲ್ಲಿ ಕೊಟ್ಟೆ, ಕುಡಿದಳು! ಲೈಟಿನ ಕೆಳಗಿರುವಾಗ ಎದೆಗೆ ಹಾಕಿಕೊಳ್ಳಬಹುದಾ? ಎಷ್ಟು ದಿನ ಹೀಗೆ ಎಬ್ಬಿಸಬೇಕು?

ಧಾರವಾಡದ ನರ್ಸ್

ಒಳ್ಳೆಯದಾಯಿತು ತಂಗಿ. ಹಾಕಿಕೊಳ್ಳಬಹುದು, ಹಾಕಿಕೊಳ್ಳಲೇಬೇಕು. ಸಾಮಾನ್ಯವಾಗಿ ಕುಡಿಸುವಷ್ಟು ಹೊತ್ತು ಹೊರಗೆ ತೆಗೆದು ಕೊಡುತ್ತಾರೆ. ತುಂಬಾ ಜಾಸ್ತಿ ಇದ್ದರೆ ಮಾತ್ರ ತೆಗೆಯಬೇಡಿ ಅನ್ನಬಹುದು, ಆಗ ಒಳಲೆ. ಲೈಟು ತಾಗದಿರಲಿ ಅಂತ ಕಟ್ಟಿರುವ ಕಣ್ಣಿನ ಪಟ್ಟಿಯನ್ನು ಹೊರಗೆ ತೆಗೆದು ಕುಡಿಸುವಾಗ ಬಿಚ್ಚಿ, ಅವಳು ನಿಮ್ಮ ಮುಖ ನೋಡಲಿ.

ಹುಟ್ಟಿದಾಗಿನ ತೂಕ ವಾಪಸ್ ಬರುವ ತನಕ ಎಬ್ಬಿಸಬೇಕು, ಅದಕ್ಕೆ 10ರಿಂದ 14 ದಿನ ಹಿಡಿಯಬಹುದು. ಆಮೇಲೆ ಡಾಕ್ಟರ್ ಸರಿ ಅಂದರೆ ಅವಳು ಕೇಳಿದಾಗ ಕೊಡಿ. ಕಕ್ಕ ಕಪ್ಪು ಹೋಗಿ ಹಸಿರು, ಐದನೇ ದಿನದ ಹೊತ್ತಿಗೆ ಹಳದಿ ಆಗುತ್ತಿದೆಯಾ ನೋಡಿ. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ ಬರುತ್ತಾರೆ, ಏಳನೇ ದಿನ, 14ನೇ ದಿನ ತೂಕ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಎಷ್ಟು ಎಬ್ಬಿಸಿದರೂ ಏಳದಿದ್ದರೆ, ಎರಡು ಸಲ ಸತತವಾಗಿ ಕುಡಿಯದಿದ್ದರೆ, ಮೈ ಜೋತು ಬಿದ್ದರೆ, ಹೊಟ್ಟೆ ತಣ್ಣಗಾದರೆ ಅಥವಾ ಜ್ವರ ಬಂದರೆ, ಉಸಿರು ಜೋರಾದರೆ, ಅಂಗೈ ಅಂಗಾಲು ಹಳದಿಯಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ.